ಚೌಡಮ್ಮನ ಡಿಸ್ಕಿಗೆ ಹೆಸರಿಟ್ಟ ರಾಮಲಿಂಗ

ಮಗ್ಗದೂರಿನ ಚೌಡಮ್ಮನ ಸಂಕಟ ಕೇಳ್ತೀರಾ? ಸೀರೆಯ ಅಂಚು, ಸೆರಗು ಬರೆಯೋದ್ರಲ್ಲಿ ಆಕೆ ಎತ್ತಿದ ಕೈ. ಬರೆದಿಟ್ಟ ಕಾಗದಗಳನ್ನ ಗೆದ್ದಲು ತಿಂದು ಮುಗಿಸಿತ್ತು. ಅದಕ್ಕೂ ಮುಂಚೆ ಕಂಪ್ಯೂಟರಿಗೆ ಏರಿಸಿದ್ದರಿಂದ ಮೂವತ್ತು ವರ್ಷದ ಚಿತ್ರವೆಲ್ಲ ಈಗ ಅಂಗೈಯಗಲದ ಒಂದೇ ಡಿಸ್ಕಿನಲ್ಲಿ! ಅದನ್ನ ಹೊತ್ತು ತಿರುಗೋನು ಯಾರು? ಮಗ ರಾಮಲಿಂಗ. ಆಳೆತ್ತರ ಬೆಳೆದಿದ್ದ, ಹೇಳಿದ್ದನ್ನ ಹೇಳಿದಂಗೇ ಮಾಡ್ತಿದ್ದ. ಅಲ್ಲೇ ಬಂತು ನೋಡಿ ತೊಂದರೆ.

ಒಂದಿನ ಅವ್ವ ಅಂದ್ಲು, "ನೇಕಾರರ ಸಂಘಕ್ಕೆ ಹೋಗಪ್ಪಾ. ಡಿಸ್ಕನ್ನ ಕಂಪ್ಯೂಟರಿಗೆ ಸಿಕ್ಕಿಸು. ಇ ಡ್ರೈವ್ ಅಂತ ಬರ್ತದೆ. ಅದರ ಮೊದಲನೇ ಚಿತ್ರ ಪ್ರಿಂಟ್ ತೆಗೆಸಿ ಮಗ್ಗದೋರಿಗೆ ಕೊಡು."

ಹೋದ. ಸಿಕ್ಕಿಸಿದ. ಇ ಡ್ರೈವ್ ತೆರೆದ. ಮೊದಲನೇ ಚಿತ್ರ ಕೊಟ್ಟ. ಸಂಜೆ ನೇಕಾರ ಬಾಗಿಲಲ್ಲಿ ನಿಂತು ಕೂಗಿದ, "ಚೌಡಕ್ಕಾ, ಇದು ಸಂಘದ ಕಾರ್ಯದರ್ಶಿಯ ಮಾವನ ಫೋಟೋ! ಈ ಮೀಸೇನ ಸೆರಗಿಗೆ ನೇಯ್ಲೋ, ಅಂಚಿಗೆ ನೇಯ್ಲೋ?"

ಚೌಡಮ್ಮ ಮಗನ ಕಡೆ ತಿರುಗಿದ್ಲು. "ಅಯ್ಯೋ ಮಂಕೇ! ಇ ಅನ್ನೋದು ನಮ್ಮನೇಲಿ. ಸಂಘದ ವಿಂಡೋಸಲ್ಲಿ ಇ ಅವರದ್ದೇ ಐತೆ. ನಮ್ಮದಕ್ಕೆ ಮುಂದಿನ ಅಕ್ಷರ ಕೊಡ್ತದೆ, ಎಫ್! ಎಫ್ ನೋಡ್ಬೇಕು!"

"ಆಗ್ಲವ್ವಾ, ಎಫ್ ನೋಡ್ತೀನಿ."

ಮಾರನೇ ದಿನ ಬೊಮ್ಮಣ್ಣನ ಮನೆಗೆ ಕಳಿಸಿದ್ಲು. ಬೊಮ್ಮಣ್ಣ ಚಿತ್ರ ನೋಡಿ ಮಗ್ಗದ ಕಾರ್ಡಿಗೆ ತೂತು ಹೊಡೆಯೋನು, ಅವನ ಕಂಪ್ಯೂಟರಲ್ಲಿ ವಿಂಡೋಸ್ ಅಲ್ಲ, ಲಿನಕ್ಸ್. ಹೋದ. ಸಿಕ್ಕಿಸಿದ. ಕೂತ. ಊಟದ ಹೊತ್ತಾಯ್ತು, ಕೂತೇ ಇದ್ದ. ದೀಪ ಹಚ್ಚೋ ಹೊತ್ತಿಗೆ ಬರಿಗೈಲಿ ಬಂದ.

"ಎಫ್ ಬರ್ಲೇ ಇಲ್ಲವ್ವಾ! ಎಸ್‌ಡಿಎ, ಎಸ್‌ಡಿಬಿ ಅಂತ ಯಾರ್ಯಾರೋ ಬಂದು ಕೂತಿದ್ರು."

"ಅದ್ರಲ್ಲೇ ಇತ್ತು ಕಣೋ ನಮ್ಮದು! ಅಲ್ಲಿ ಎಣಿಕೆ ಬೇರೆ. ಬೊಮ್ಮಣ್ಣನ ಡಿಸ್ಕು ಎಸ್‌ಡಿಎ. ಆಮೇಲೆ ಸಿಕ್ಕಿಸಿದ್ದು ಎಸ್‌ಡಿಬಿ. ಅದರ ಮುಂದಿನದು ಎಸ್‌ಡಿಸಿ. ಹೆಸರಿನ ಕೊನೇಲಿ ಒಂದು, ಎರಡು ಅಂತ ಇದ್ರೆ ಅದು ಆ ಡಿಸ್ಕಿನೊಳಗಿನ ಪಾಲು. ತಿಳೀತಾ?"

"ತಿಳೀತವ್ವಾ!"

ಏನು ತಿಳೀತೋ ದೇವರಿಗೇ ಗೊತ್ತು. ಮೂರನೇ ದಿನ ಸಂಘದೋರು ಒಂದು ಹಳೇ ಡಿಸ್ಕು ಕೊಟ್ಟು, ಇದರಲ್ಲಿರೋದನ್ನ ಅಳಿಸಿ ನಿನ್ನ ಚಿತ್ರ ತುಂಬಿಸಮ್ಮ ಅಂದ್ರು. ಚೌಡಮ್ಮ ಮಗನಿಗೆ ಎರಡೂ ಡಿಸ್ಕು ಕೊಟ್ಲು.

"ಬೊಮ್ಮಣ್ಣನ ಮನೇಲಿ ನಮ್ಮದು ಎಸ್‌ಡಿಬಿ, ಸಂಘದ್ದು ಎಸ್‌ಡಿಸಿ. ಎಸ್‌ಡಿಸಿ ಅಳಿಸು. ಅದಕ್ಕೂ ಮುಂಚೆ ಕಂಪ್ಯೂಟರಲ್ಲೇ ನಮ್ಮದಕ್ಕೆ 'ಚೌಡಮ್ಮ' ಅಂತ ಹೆಸರು ಹಾಕು. ಆ ಹೆಸರಿರೋದನ್ನ ಅಳಿಸಿದ್ಯೋ, ಮನೆಗೇ ಬರ್ಬೇಡ!"

ಯಾವುದನ್ನ ಮೊದಲು ಸಿಕ್ಕಿಸಬೇಕು ಅಂತ ಮಾತ್ರ ಹೇಳಲೇ ಇಲ್ಲ! ಸ್ವಲ್ಪ ಹೊತ್ತಿಗೆ ಬೊಮ್ಮಣ್ಣನ ಫೋನು. "ಅಕ್ಕಾ, ನಿನ್ ಮಗ ಸಂಘದ್ದನ್ನೇ ಮೊದಲು ಸಿಕ್ಕಿಸಿದ್ನಲ್ಲಾ!"

ಚೌಡಮ್ಮ ಬೆರಳು ಮಡಚಿ ಲೆಕ್ಕ ಹಾಕಿದ್ಲು. ಹಂಗಾದ್ರೆ ಎಸ್‌ಡಿಸಿ ನಮ್ಮದೇ! ಅಳಿಸು ಅಂದಿದ್ದೂ ಅದನ್ನೇ! ಚಪ್ಪಲಿ ಮೆಟ್ಟದೆ ಬೊಮ್ಮಣ್ಣನ ಮನೆಗೆ ಓಡಿದ್ಲು.

"ಅಳಿಸ್ಬಿಟ್ಯೇನೋ?"

"ಇಲ್ಲವ್ವಾ. ನಮ್ಮದು ಯಾವುದೋ ಗೊತ್ತಾಗ್ಲಿಲ್ಲ. ತಪ್ಪಬಾರದು ಅಂತ ಎರಡಕ್ಕೂ ಚೌಡಮ್ಮ ಅಂತ್ಲೇ ಹಾಕ್ದೆ. ಆಮೇಲೆ ಯಾವುದನ್ನ ಅಳಿಸ್ಲಿ? ಮನೆಗೆ ಸೇರಿಸಲ್ಲ ಅಂದಿದ್ಯಲ್ಲಾ!"

ಚೌಡಮ್ಮ ಎರಡೂ ಡಿಸ್ಕು ತೆರೆದು ನೋಡಿದ್ಲು. ಹಂಸ, ರುದ್ರಾಕ್ಷಿ, ಮಾವಿನಕಾಯಿ, ಎಲ್ಲ ಇದ್ದಂಗೇ ಇದ್ವು! ಹೋದ ಜೀವ ಬಂದಂಗಾಯ್ತು. ಹುಟ್ಟಿದ ಮೇಲೆ ಮೊದಲನೇ ಸಲ ಮಗನ ಪೆದ್ದುತನಕ್ಕೆ ಕೈ ಮುಗಿದ್ಲು.

"ಜಾಣ ಕಣೋ ನನ್ ಮಗ!"

"ಇಲ್ಲಿಗೆ ಬರ್ತಾ ದಾರೀಲಿ ಸಂಘಕ್ಕೂ ಹೋಗಿದ್ದೆ ಅವ್ವಾ. ಅಲ್ಲೂ ಯಾರೂ ಏನೂ ಅಳಿಸಬಾರದಲ್ಲ, ಹೆಸರು ಹಾಕ್ಬಂದೆ."

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಏದುಸಿರು ಬಿಡ್ತಾ ಬಂದ.

"ಚೌಡಮ್ಮಾ! ಸಿ ನೀನೇ, ಡಿ ನೀನೇ, ಇ ನೀನೇ! ನಮ್ ಸದಸ್ಯರ ಪಟ್ಟಿ ಯಾವ ಚೌಡಮ್ಮನ ಹೊಟ್ಟೇಲೈತೆ, ಹೇಳು ತಾಯೀ!"