ಕುದುರೆಯ ಒಂದು ಕಿವಿ ಹಿಂದಕ್ಕೆ ಯಾಕೆ?

ಲೋಕ ಆಗಷ್ಟೇ ಹುಟ್ಟಿತ್ತು. ಯಾರಿಗೂ ಯಾವುದೂ ಸರಿಯಾಗಿ ಗೊತ್ತಿರಲಿಲ್ಲ.

ಯಾವ ಕಡೆ ಹರಿಯಬೇಕು ಅನ್ನುವುದೇ ತಿಳಿಯದೆ ಹೊಳೆ ಬೆಳಿಗ್ಗೆ ಒಂದು ಕಡೆ ಹರಿದು ಸಂಜೆಗೆ ವಾಪಸು ಬರುತ್ತಿತ್ತು. ಕೋಳಿ ನಡು ಮಧ್ಯಾಹ್ನ ಕೂಗಿ ಎಲ್ಲರಿಂದ ಬೈಸಿಕೊಂಡು ಗೂಡು ಸೇರುತ್ತಿತ್ತು. ಗಾಳಿಯ ಸುದ್ದಿಯಂತೂ ಕೇಳಲೇಬೇಡ. ಮೂಡಣ ಗಾಳಿ, ಪಡುವಣ ಗಾಳಿ ಅಂತ ಇನ್ನೂ ಬೇರೆ ಬೇರೆ ಆಗಿರಲಿಲ್ಲ. ಇದ್ದದ್ದು ಒಂದೇ ಗಾಳಿ. ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಅನ್ನುವುದು ಅದಕ್ಕೆ ಅರ್ಧ ದಾರಿಯಲ್ಲೇ ಮರೆತುಹೋಗುತ್ತಿತ್ತು.

ಎಲ್ಲರ ಮೈಯೂ ಹೊಸದು. ಈಗ ಹುಟ್ಟಿದ ಕೂಸಿನ ಮೈ ಇರುತ್ತದಲ್ಲ, ಅಷ್ಟು ಮೆತ್ತಗೆ. ಯಾರ ಮೂಗು, ಯಾರ ತುಟಿ ಬೇಕಾದರೂ ಎಣ್ಣೆ ಹಚ್ಚಿ ತಿದ್ದಬಹುದಿತ್ತು. ಇದನ್ನು ನೆನಪಿಟ್ಟುಕೋ ಕೂಸೇ, ಮುಂದೆ ಬೇಕಾಗುತ್ತದೆ. ತಟ್ಟೆಯ ಕಡೆಗೂ ಒಂದಿಷ್ಟು ನೋಡು. ನಿನ್ನವ್ವ ಬರುತ್ತೇನೆ ಅಂದಿದ್ದಾಳೆ, ಬರುತ್ತಾಳೆ. ನೀನು ಹೀಗೆ ದಿನವೆಲ್ಲ ಬಾಗಿಲನ್ನೇ ನೋಡುತ್ತ ಕೂತರೆ ಈ ಅಜ್ಜಿ ಸುಟ್ಟ ರೊಟ್ಟಿಯನ್ನು ಯಾರು ತಿನ್ನಬೇಕು? ಇರಲಿ, ಬೈಯುವುದಿಲ್ಲ. ಕಥೆ ಕೇಳು.

ಆ ಕಾಲದಲ್ಲಿ ಕುದುರೆಯ ಕಿವಿ ಅಲುಗುತ್ತಿರಲಿಲ್ಲ. ಎರಡೂ ಮುಂದಕ್ಕೇ ನೆಟ್ಟಿದ್ದವು. ಮುಂದಿನದೆಲ್ಲ ಚೆನ್ನಾಗಿ ಕೇಳಿಸುತ್ತಿತ್ತು. ಹಿಂದೆ ಏನಾದರೂ ಸದ್ದಾದರೆ ಸದ್ದಾಯಿತು ಅಂತ ಗೊತ್ತಾಗುತ್ತಿತ್ತೇ ಹೊರತು ಏನು ಸದ್ದು, ಯಾರ ಸದ್ದು ಅಂತ ತಿಳಿಯುತ್ತಿರಲಿಲ್ಲ. ತಿಳಿಯಬೇಕಾದರೆ ಇಡೀ ಮೈಯನ್ನೇ ತಿರುಗಿಸಿ ನಿಲ್ಲಬೇಕಿತ್ತು.

ಹೊಳೆಯ ದಂಡೆಯ ಮೇಲೆ ದ್ಯಾವಪ್ಪ ಅಂತ ಒಬ್ಬ ಇದ್ದ. ಅವನ ಹತ್ತಿರ ಕೆಂಚಿ ಅಂತ ಒಂದು ಹೆಣ್ಣು ಕುದುರೆ ಇತ್ತು. ದ್ಯಾವಪ್ಪ ಹುಲ್ಲು ಹಾಕುತ್ತಿದ್ದ, ಕೆಂಚಿ ಅವನ ಹೆಗಲಿಗೆ ಮೂಗು ಒರೆಸುತ್ತಿತ್ತು. ಆಮೇಲೆ ಇಬ್ಬರೂ ಹೊಳೆ ಇವತ್ತು ಯಾವ ಕಡೆ ಹರಿಯುತ್ತದೆ ಅಂತ ನೋಡುತ್ತ ಕೂತುಬಿಡುತ್ತಿದ್ದರು. ಸುಖವಾಗಿದ್ದರು.

ಒಂದು ದಿನ ಹೊಳೆಯ ಆಚೆಯಿಂದ ಸುದ್ದಿ ಬಂತು. ದ್ಯಾವಪ್ಪನ ಅಕ್ಕನ ಮನೆಯ ಗೋಡೆ ಬಿದ್ದಿತ್ತು. ತಮ್ಮ ಹೋಗಿ ಕಟ್ಟಿಕೊಡಬೇಕು. ಹೋಗಬೇಕೆಂದರೆ ಹರಗೋಲಿನಲ್ಲೇ ಹೋಗಬೇಕು. ಹರಗೋಲು ಅಂದರೆ ನೀರಿನ ಮೇಲೆ ತೇಲುವ ದೊಡ್ಡ ಬುಟ್ಟಿ. ಕೆಂಚಿಯನ್ನೂ ಹತ್ತಿಸಿ ನೋಡಿದರು. ಅದು ಒಂದು ಕಾಲು ಇಟ್ಟಿತು, ಬುಟ್ಟಿ ವಾಲಿತು, ಅಂಬಿಗ ನೀರಿಗೆ ಬಿದ್ದ. ಅಲ್ಲಿಗೆ ಆ ಮಾತು ಮುಗಿಯಿತು.

ಊರಾಚೆ ನಿಂಬೆವ್ವನ ಲಾಯ ಇತ್ತು. ಪರಸ್ಥಳಕ್ಕೆ ಹೋಗುವವರು ತಮ್ಮ ಪ್ರಾಣಿಗಳನ್ನು ಅವಳ ಹತ್ತಿರ ಬಿಟ್ಟು ಹೋಗುತ್ತಿದ್ದರು. ನಿಂಬೆವ್ವನಿಗೆ ಇನ್ನೊಂದು ಕೆಲಸವೂ ಇತ್ತು. ಬಾಣಂತಿಯರ ಮನೆಗೆ ಹೋಗಿ ಕೂಸುಗಳಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಚಪ್ಪಟೆ ಮೂಗನ್ನು ನೀವಿ ನೆಟ್ಟಗೆ ಮಾಡಿ, ಕಿವಿಗೆ ಅರಳೆ ಇಟ್ಟು, ತಲೆಗೆ ಕುಂಚಿಗೆ ಕಟ್ಟಿ ಮಲಗಿಸಿ ಬರುತ್ತಿದ್ದಳು. ಹೊಸ ಲೋಕದಲ್ಲಿ ಕೂಸುಗಳಿಗೇನೂ ಬರ ಇರಲಿಲ್ಲ.

"ನಿಂಬೆಕ್ಕಾ, ಇದನ್ನ ಜ್ವಾಪಾನ ಮಾಡು," ಅಂದ ದ್ಯಾವಪ್ಪ. "ನೆನಸಿದ ಹುರಳಿ ಅಂದ್ರ ಇದಕ್ಕ ಪ್ರಾಣ. ಭಾಳ ಅಂಜುಬುರುಕ ಐತಿ. ಬೈಬ್ಯಾಡ."

"ನಾ ಯಾರ್ನ ಬೈದೀನೋ ತಮ್ಮಾ," ಅಂದಳು ನಿಂಬೆವ್ವ. ಅಂದವಳೇ, ಹಿಟ್ಟಿನ ಮೊರಕ್ಕೆ ಬಾಯಿ ಹಾಕಿದ ಆಡಿಗೆ ಚೆನ್ನಾಗಿ ಬೈದಳು.

ದ್ಯಾವಪ್ಪ ಕೆಂಚಿಯ ಹಣೆಗೆ ಹಣೆ ಹಚ್ಚಿದ. "ಹೊಳಿ ದಾಟಿ ಈ ದಂಡಿಗೆ ಬಂದ ಕೂಡ್ಲೆ ಕರೀತೀನಿ. ನೀ ಓ ಅನ್ನು," ಅಂತ ಹೇಳಿ ಹೊರಟುಹೋದ.

ಕೆಂಚಿ ಹೊಸ ಲಾಯದಲ್ಲಿ ನಿಂತು ಸುತ್ತ ನೋಡಿತು. ನೀರಿನ ರುಚಿ ಬೇರೆ. ಮಣ್ಣಿನ ವಾಸನೆ ಬೇರೆ. ಮರುದಿನ ಸೂರ್ಯ ಕೂಡ ಎಡಗಡೆ ಹುಟ್ಟುವ ಬದಲು ಬಲಗಡೆ ಹುಟ್ಟಿದ. ಅದೇ ಸೂರ್ಯನೋ, ಈ ಜಾಗಕ್ಕೆ ಬೇರೆ ಸೂರ್ಯ ಇದ್ದಾನೋ ಅಂತ ಕೆಂಚಿಗೆ ಅನುಮಾನ. ಯಾರನ್ನು ಕೇಳಬೇಕು ಅನ್ನುವುದೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಗಾಳಿ ಬಾಗಿಲ ಕಡೆಯಿಂದ ಹೊಳೆಯ ಸದ್ದನ್ನು ತಂದಿತು. ಕೆಂಚಿ ಬಾಗಿಲ ಕಡೆ ತಿರುಗಿ ನಿಂತಿತು. ಆಗ ಹಿಂದೆ, ಮೇವು ಹಾಕುವ ಗೋದಲಿಗೆ ನಿಂಬೆವ್ವ ಹುರುಳಿ ಸುರಿದಳು. ಏನೋ ಸದ್ದು. ಏನು ಸದ್ದು? ಕೆಂಚಿ ಬೆಚ್ಚಿಬಿದ್ದು ಗೋದಲಿಯ ಕಡೆ ತಿರುಗಿತು. ಹುರುಳಿಗೆ ಬಾಯಿ ಹಾಕಬೇಕು ಅನ್ನುವಷ್ಟರಲ್ಲಿ ಹಿಂದೆ ಮತ್ತೆ ಸದ್ದು. ಅದು ಹೊಳೆಯೋ, ದ್ಯಾವಪ್ಪನ ಕೂಗೋ? ತಿರುಗಿತು ಬಾಗಿಲ ಕಡೆ.

ಬಾಗಿಲು, ಗೋದಲಿ. ಗೋದಲಿ, ಬಾಗಿಲು. ಕೆಂಚಿ ಸುತ್ತಿದ್ದೇ ಸುತ್ತಿದ್ದು. ನೆಲ ಸವೆದು ಗುಂಡಗೆ ಗುಣಿ ಬಿತ್ತು. ಬಾಯಿಗೆ ಮಾತ್ರ ಒಂದು ಕಾಳೂ ಬೀಳಲಿಲ್ಲ.

ಗೋದಲಿಯನ್ನೇ ಬಾಗಿಲ ಹತ್ತಿರ ಇಡಬಾರದಿತ್ತೇ ಅಂತ ನೀನು ಕೇಳುತ್ತೀ. ಜಾಣ ಕೂಸು. ನಿಂಬೆವ್ವನಿಗೂ ಅದು ಹೊಳೆಯಿತು, ಇಟ್ಟಳು. ಇಟ್ಟ ಕೂಡಲೇ ಗಾಳಿಗೆ ದಾರಿ ತಪ್ಪಿ, ಹೊಳೆಯ ಸದ್ದು ಹಿಂಗೋಡೆಯ ಕಿಂಡಿಯಿಂದ ಬಂತು. ಗೋದಲಿಯನ್ನು ಎಳೆದು ಕಿಂಡಿಯ ಕೆಳಗೆ ಒಯ್ದಳು. ಗಾಳಿ ಚಾವಣಿಯ ಸಂದಿಯಿಂದ ಇಳಿಯಿತು. ಗೋದಲಿಯನ್ನು ಚಾವಣಿಗೆ ಕಟ್ಟಲಿಕ್ಕೆ ಆಗುತ್ತದೆಯೇ?

"ನಿನ್ನ ಕಾಲಿಗೆ ಬೀಳ್ತೀನಿ, ಯಾವದರ ಒಂದ ಕಡಿಯಿಂದ ಬಾ," ಅಂತ ಕೆಂಚಿ ಗಾಳಿಯನ್ನು ಬೇಡಿಕೊಂಡಿತು.

"ಅಡ್ಡಿ ಇಲ್ಲ. ಯಾವ ಕಡಿಯಿಂದ ಅಂದಿ?" ಅಂತ ಗಾಳಿ ಕೇಳಿತು. ಉತ್ತರ ಬರುವ ಮೊದಲೇ, ಕೇಳಿದ್ದು ಮರೆತು ಹೊರಟುಹೋಯಿತು.

ಲಾಯದಲ್ಲಿ ಒಂದು ಹಳೆಯ ಕತ್ತೆ ಇತ್ತು. ಅದಕ್ಕೆ ಬುದ್ಧಿ ಹೇಳುವ ಚಟ. "ಬಾಗಲಾ ನೋಡಬ್ಯಾಡ. ನೋಡಿದಷ್ಟೂ ಬರೂದು ತಡಾ ಆಕ್ಕೈತಿ," ಅಂತ ಅದು ಹೇಳಿತು.

ಆಡು ಸುಮ್ಮನಿರಲಿಲ್ಲ. "ಅದರ ಮಾತು ಕೇಳಬ್ಯಾಡ. ಬಾಗಲಾನ ನೋಡು. ಮಾರಿ ಕಾಣದಿದ್ರ ಬಂದವರು ನಿನ್ನ ಗುರ್ತಾ ಹೆಂಗ ಹಿಡೀತಾರ?" ಅಂದಿತು.

ಕೆಂಚಿ ಕತ್ತೆಯ ಮಾತು ಕೇಳಿ ಗೋದಲಿಯ ಕಡೆ ತಿರುಗಿತು. ಆಡಿನ ಮಾತು ಕೇಳಿ ಬಾಗಿಲ ಕಡೆ ತಿರುಗಿತು. ಬಾಗಿಲು, ಗೋದಲಿ. ಗೋದಲಿ, ಬಾಗಿಲು.

ಕೆಂಚಿ ಸೊರಗಿತು. ಪಕ್ಕೆಯ ಎಲುಬು ಎದ್ದು ಕಂಡವು. ತಿರುಗುವಾಗ ಕಾಲು ತೊಡರಿ ಮುಗ್ಗರಿಸತೊಡಗಿತು. ದ್ಯಾವಪ್ಪ ಬರುವ ಹೊತ್ತಿಗೆ ಈ ಕುದುರೆ ಉಳಿಯುವುದಿಲ್ಲ ಅಂತ ನಿಂಬೆವ್ವನ ಎದೆಯಲ್ಲಿ ಭಯ ಹೊಕ್ಕಿತು.

ಅವಳು ತನಗೆ ಗೊತ್ತಿದ್ದ ದಾರಿ ಹಿಡಿದಳು. ರಚ್ಚೆ ಹಿಡಿದು ಹಾಲು ಕುಡಿಯದ ಕೂಸಿಗೆ ಏನು ಮಾಡುತ್ತಿದ್ದಳೋ ಅದನ್ನೇ ಕೆಂಚಿಗೂ ಮಾಡಿದಳು. ಎರಡು ಕಿವಿಗೂ ಅರಳೆ ತುರುಕಿದಳು. ಹಳೆಯ ಸೀರೆ ಹರಿದು ದೊಡ್ಡದೊಂದು ಕುಂಚಿಗೆ ಹೊಲಿದು ಕುದುರೆಯ ತಲೆಗೆ ಕಟ್ಟಿದಳು. ಹಸಿರು ಕುಂಚಿಗೆ, ಗಲ್ಲದ ಕೆಳಗೆ ಗಂಟು. ಆಡು ನಕ್ಕು ನಕ್ಕು ನೆಲಕ್ಕೆ ಬಿತ್ತು.

ಕೆಂಚಿ ಸುತ್ತುವುದನ್ನು ನಿಲ್ಲಿಸಿತು. "ಈಗ ನೋಡು, ಶಾಣ್ಯಾ ಆತು ನನ್ನ ಮಗಳು," ಅಂತ ನಿಂಬೆವ್ವ ಹಿಗ್ಗಿ, ಗೋದಲಿ ತುಂಬಿಸಿ, ಕೂಸುಗಳಿಗೆ ನೀರು ಹಾಕಲು ಹೋದಳು.

ವಾಪಸು ಬಂದು ನೋಡಿದರೆ ಹುರುಳಿ ಹಾಗೇ ಇತ್ತು. ಕೆಂಚಿ ನಿಂತಲ್ಲೇ ನಿಂತಿತ್ತು. ಮೈಮೇಲೆ ನೊಣ ಕೂತರೂ ಬಾಲ ಎತ್ತಿ ಹೊಡೆಯುತ್ತಿರಲಿಲ್ಲ. ಕುಂಚಿಗೆಯ ಅಂಚು ಕಣ್ಣೀರಿನಿಂದ ತೊಯ್ದಿತ್ತು.

ನಿಂಬೆವ್ವ ಓಡಿ ಹತ್ತಿರ ಬಂದಳು. ಕುಂಚಿಗೆ ಬಿಚ್ಚಿದಳು, ಅರಳೆ ತೆಗೆದಳು. ಇಷ್ಟು ದಿನ ತಿನ್ನು, ತಿನ್ನು ಅಂದಿದ್ದಳೇ ಹೊರತು ಯಾಕೆ ತಿನ್ನುವುದಿಲ್ಲ ಅಂತ ಕೇಳಿರಲಿಲ್ಲ. ಈಗ ಕೇಳಿದಳು.

"ನಮ್ಮವ ಕರೀತೀನಿ ಅಂದಾನ," ಅಂದಿತು ಕೆಂಚಿ. "ನಾ ಗೋದಲಿ ಕಡಿ ಮಾರಿ ಮಾಡಿ ನಿಂತಾಗ ಕರೆದ್ರ ನನಗ ತಿಳಿಯೂದಿಲ್ಲ. ಓ ಅನ್ನಲಿಲ್ಲ ಅಂದ್ರ, ಕೆಂಚಿ ಇಲ್ಲಿಲ್ಲ ಅಂತ ಹೊಳ್ಳಿ ಹೋಗಿಬಿಡ್ತಾನ. ಹಂಗಂತ ಬಾಗಲಾ ನೋಡಕೋತ ನಿಂತ್ರ, ಹಿಂದ ನೀ ಬರ್ತೀಯೋ, ಹುಲಿ ಬರ್ತೈತೋ ತಿಳಿಯೂದಿಲ್ಲ. ಯಾವ ಕಡಿ ನಿಲ್ಲಬೇಕು ಹೇಳಬೇ."

ನಿಂಬೆವ್ವ ಕುದುರೆಯ ಕುತ್ತಿಗೆ ತಬ್ಬಿಕೊಂಡು, "ತಪ್ಪಾತು ನನ್ನವ್ವಾ. ಎರಡೂ ಕಿವಿ ನಾನ ಕಸಗೊಂಡೆ," ಅಂದಳು.

ಒಲೆಯ ಮೇಲೆ ಔಡಲೆಣ್ಣೆ ಬೆಚ್ಚಗೆ ಮಾಡಿ ತಂದಳು. ಕಲ್ಲಿನ ಮೇಲೆ ಕೂತು, ಕೆಂಚಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕೂಸಿನ ಮೂಗು ನೀವುವ ಎರಡು ಬೆರಳಿನಿಂದಲೇ ಕಿವಿಯ ಬುಡ ನೀವಿದಳು. ನೀವಿ, ಹದವಾಗಿ ತಿರುವಿ, ಮತ್ತೆ ನೀವಿ. ಲೋಕ ಹೊಸದು ಅಂತ ಹೇಳಿದ್ದೆನಲ್ಲ, ಕಿವಿಯ ಬುಡ ಇನ್ನೂ ಮೆತ್ತಗಿತ್ತು. ಮೆಲ್ಲಗೆ ಸಡಿಲಾಯಿತು.

ಒಂದು ಕಿವಿಯನ್ನು ಹಿಂದಕ್ಕೆ ತಿರುಗಿಸಿ, "ಈ ಕಿವಿ ದ್ಯಾವಪ್ಪಂದು. ಇದು ಅತ್ತಾಗ ಇರ್ಲಿ, ನಾ ಮುಟ್ಟೂದಿಲ್ಲ. ಇನ್ನೊಂದು ನನಗ ಕೊಡು," ಅಂದಳು.

ಹಿಂದಕ್ಕೆ ಹೋದದ್ದು ಎಡಗಿವಿಯೋ ಬಲಗಿವಿಯೋ ಅಂತ ಕೇಳಬೇಡ. ನಮ್ಮಜ್ಜಿ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು. ನನಗೂ ಗೊಂದಲ.

ಕೆಂಚಿ ಗೋದಲಿಯ ಮುಂದೆ ನಿಂತಿತು. ಹಿಂದೆ ಹೊಳೆ ಹರಿಯಿತು. ಕೆಂಚಿ ತಿರುಗಲಿಲ್ಲ, ಕಿವಿ ತಿರುಗಿತು. ಗಾಳಿ ಕಿಂಡಿಯಿಂದ ಬಂತು, ಕಿವಿ ಕಿಂಡಿಗೆ ಹೋಯಿತು. ಗಾಳಿ ಚಾವಣಿಯಿಂದ ಇಳಿಯಿತು, ಕಿವಿ ಮೇಲಕ್ಕೆ ನಿಂತಿತು. ಇನ್ನೊಂದು ಕಿವಿ ನಿಂಬೆವ್ವನ ಕಡೆಗೇ ಇತ್ತು. ಕೆಂಚಿ ಕತ್ತು ಬಗ್ಗಿಸಿ ಹುರುಳಿಗೆ ಬಾಯಿ ಹಾಕಿತು. ಕಾಳು ಅಗಿಯುವ ಸದ್ದು ಕೇಳಿ ನಿಂಬೆವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಗೊಂದಲ ಹೋಯಿತೇ? ಎಲ್ಲಿ ಹೋಗುತ್ತದೆ? ಒಂದು ಕಿವಿಯಲ್ಲಿ ಹೊಳೆ, ಒಂದು ಕಿವಿಯಲ್ಲಿ ಆಡಿನ ಜಗಳ. ಕೆಂಚಿಗೆ ತಾನು ಎಲ್ಲಿದ್ದೇನೆ ಅನ್ನುವುದು ಮೊದಲಿಗಿಂತ ಹೆಚ್ಚೇ ಗೋಜಲಾಯಿತು. ಆದರೆ ಈಗ ಹೊಟ್ಟೆಯಲ್ಲಿ ಹುರುಳಿ ಇತ್ತು. ಮೈ ತುಂಬಿಕೊಂಡಿತು. ಕತ್ತೆ ಇದೆಲ್ಲ ತನ್ನ ಬುದ್ಧಿಮಾತಿನಿಂದ ಆದದ್ದು ಅಂತ ಹೇಳಿಕೊಂಡು ತಿರುಗಿತು.

ಅಕ್ಕನ ಮನೆಯ ಗೋಡೆ ಎದ್ದಿತು. ಒಂದು ಸಂಜೆ ಕೆಂಚಿ ಬಾಯಿ ತುಂಬ ಹುರುಳಿ ತುಂಬಿಕೊಂಡು ನಿಂತಿದ್ದಾಗ, ಹಿಂದಿನ ಕಿವಿ ನೆಟ್ಟಗೆ ನಿಂತಿತು.

"ಕೆಂಚೀ, ಬಾರವಾ."

ಕೆಂಚಿ ಬಾಯಿಯಲ್ಲಿದ್ದ ಕಾಳನ್ನೆಲ್ಲ ಕತ್ತೆಯ ಮೇಲೆ ಉದುರಿಸಿ, ಓ ಅಂದಿತು. ಹೊಳೆಯ ದಂಡೆಯವರೆಗೂ ಕೇಳಿತು. ದ್ಯಾವಪ್ಪ ಓಡುತ್ತಲೇ ಬಂದ. ಕೆಂಚಿ ಅವನ ಹೆಗಲಿಗೆ ಮೂಗು ಒರೆಸಿತು. ನಿಂಬೆವ್ವ ಹುರುಳಿಯ ಗಂಟು ಕಟ್ಟಿ ಕೊಟ್ಟು, ಹೋಗಿ ಬಾ ಅಂತ ಹೇಳಲಾಗದೆ ಆಡಿಗೆ ಬೈಯತೊಡಗಿದಳು.

ಮನೆಗೆ ಬಂದ ಮೇಲೆ ದ್ಯಾವಪ್ಪ ಹಸಿ ಹುಲ್ಲು ತಂದು ಮುಂದೆ ಹಾಕಿದ. ಕೆಂಚಿ ಕತ್ತು ಬಗ್ಗಿಸಿತು. ಒಂದು ಕಿವಿ ದ್ಯಾವಪ್ಪನ ಕಡೆ ಇತ್ತು. ಇನ್ನೊಂದು ತಾನಾಗಿಯೇ ಹಿಂದಕ್ಕೆ ತಿರುಗಿತು, ಲಾಯದ ಕಡೆಗೆ.

"ಯಾಕಬೇ? ನಾ ಇಲ್ಲೇ ಅದೀನಲ್ಲ," ಅಂದ ದ್ಯಾವಪ್ಪ.

"ಅಲ್ಲಿ ನಿಂಬೆವ್ವ ಹುರಳಿ ಹಾಕೋ ಹೊತ್ತು," ಅಂದಿತು ಕೆಂಚಿ.

"ಹಂಗಾರ ನಿನ್ನ ಮನಿ ಯಾವದು?"

ಕೆಂಚಿ ಯೋಚಿಸಿತು. ಹುಲ್ಲು ಅಗಿಯುತ್ತ ಬಹಳ ಯೋಚಿಸಿತು. ತಿಳಿಯಲಿಲ್ಲ. ಇನ್ನೊಂದು ತುತ್ತು ಹುಲ್ಲು ಕಿತ್ತುಕೊಂಡಿತು.

ತುತ್ತು ಎತ್ತು ಕೂಸೇ. ಬಾಗಿಲ ಕಡೆಯ ಕಿವಿ ನಿನ್ನವ್ವನದು, ಅದನ್ನು ನಾನು ಮುಟ್ಟುವುದಿಲ್ಲ. ಇನ್ನೊಂದನ್ನು ನನಗೆ ಕೊಡು. ನಾಳೆ ಅವ್ವ ಬಂದು ನಿನ್ನನ್ನು ಕರೆದುಕೊಂಡು ಹೋದ ಮೇಲೆ, ಅಲ್ಲಿ ಊಟಕ್ಕೆ ಕೂತಾಗ, ಅದು ಒಂದೊಂದು ಸಲ ಇತ್ತ ತಿರುಗಿದರೆ ಸಾಕು.

ಸಂತೆಗೆ ಹೋಗುವ ದಾರಿಯಲ್ಲಿ ಟಾಂಗಾದ ಕುದುರೆ ಹುಲ್ಲು ತಿನ್ನುತ್ತ ನಿಂತಿರುತ್ತದೆ, ನೋಡು: ಅದರ ಒಂದು ಕಿವಿ ನಿನ್ನ ಕಡೆ ಇದ್ದು ಇನ್ನೊಂದು ಹಿಂದಕ್ಕೆ ಎಲ್ಲಿಗೋ ತಿರುಗಿದ್ದರೆ, ಅದು ಕೆಂಚಿಯ ಕಾಲದಿಂದ ಹಾಗೇ ಬಂದ ಕಿವಿ, ಬಿಟ್ಟು ಬಂದ ಮನೆಯಲ್ಲಿ ಈಗ ಯಾರು ಏನು ಮಾಡುತ್ತಿದ್ದಾರೆ ಅಂತ ಇವತ್ತಿಗೂ ಕೇಳಿಸಿಕೊಳ್ಳುತ್ತಿದೆ.