ಹಿಂದಕ್ಕೆ ಎಳೆಯುವ ದುಂಡಪ್ಪ

ಬಹಳ ಹಿಂದೆ, ಎರೆಮಣ್ಣಿನ ಸೀಮೆಯ ಒಂದು ಊರಿನಲ್ಲಿ ದುಂಡಪ್ಪ ಎಂಬವನಿದ್ದ. ಎಷ್ಟು ಹಿಂದೆ ಎಂದು ಕೇಳಬೇಡಿ. ಲಾರಿಗಳು ಬಂದಿದ್ದವು, ರಸ್ತೆಗಳು ಇನ್ನೂ ಬಂದಿರಲಿಲ್ಲ, ಅಷ್ಟು ಹಿಂದೆ. ಊರಿನ ಹೆಸರನ್ನೂ ಕೇಳಬೇಡಿ. ಹೇಳಿದರೆ ಹಳ್ಳದ ಆಚೆಯವರು ಅವನು ನಮ್ಮವನು ಎಂದು ಜಗಳಕ್ಕೆ ಬರುತ್ತಾರೆ. ಅವನು ಬದುಕಿದ್ದಾಗ ಯಾರೂ ಅವನಿಗಾಗಿ ಜಗಳವಾಡಿದ್ದು ಕೇಳಿಲ್ಲ.

ಆಳು ಏಳು ಅಡಿ ಇದ್ದನಂತೆ. ಅವನ ಮನೆಯ ಬಾಗಿಲು ಐದು ಅಡಿಯದು, ಈಗಲೂ ಇದೆ. ಬಗ್ಗಿ ಹೋಗುತ್ತಿದ್ದನಂತೆ.

ಎರೆಮಣ್ಣು ನಿಮಗೆ ಗೊತ್ತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ನಾಲ್ಕು ಹನಿ ಬಿದ್ದರೆ ಅದೇ ಮಣ್ಣು ಗಾಲಿಗೆ ಮೆತ್ತಿಕೊಂಡು, ಮಣ್ಣಿನ ಮೇಲೆ ಮಣ್ಣು ಸುತ್ತಿಕೊಂಡು, ಕಡೆಗೆ ಗಾಲಿ ಯಾವುದು ನೆಲ ಯಾವುದು ತಿಳಿಯುವುದಿಲ್ಲ. ಡ್ರೈವರ್ ಸಿಟ್ಟಿನಿಂದ ಆಕ್ಸಿಲರೇಟರ್ ತುಳಿದಷ್ಟೂ ಲಾರಿ ಕಾವಿಗೆ ಕೂತ ಕೋಳಿಯ ಹಾಗೆ ಇನ್ನಷ್ಟು ಒತ್ತಿ ಕೂರುತ್ತದೆ.

ಹಾಗೆ ಕೂತ ಗಾಡಿಗಳನ್ನು ದುಂಡಪ್ಪ ಎಬ್ಬಿಸುತ್ತಿದ್ದನಂತೆ. ಅವನ ಹತ್ತಿರ ಒಂದು ಜೋಡಿ ಎತ್ತು, ಹಂಡ್ಯಾ ಮತ್ತು ಕೆಂಚ್ಯಾ, ಮತ್ತು ತೋಳಿನಷ್ಟು ದಪ್ಪದ ಒಂದು ಹಗ್ಗ. ಮೋಡ ಕವಿದರೆ ಅವನಿಗೆ ಕೂರಲು ಆಗುತ್ತಿರಲಿಲ್ಲವಂತೆ. ಬಾಗಿಲಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾಗಿಲಿಗೆ. ಮುರಿದ ರೊಟ್ಟಿ ಕೈಯಲ್ಲೇ, ಕಿವಿ ಮಾತ್ರ ಹಳ್ಳದ ಕಡೆ. ಹಾರ್ನ್ ಕೇಳಿಸಿದ ಮೇಲೆಯೇ ಅವನ ಮುಖಕ್ಕೆ ಸಮಾಧಾನ ಬರುತ್ತಿತ್ತಂತೆ. ಬೇರೆಯವರ ತೊಂದರೆಯಿಂದ ಸಮಾಧಾನವಾಗುವ ಮನುಷ್ಯನನ್ನು ಪುಣ್ಯಾತ್ಮ ಎನ್ನಬಹುದೋ ಇಲ್ಲವೋ, ನೀವೇ ಹೇಳಿ.

ಅವನದೊಂದು ಪದ್ಧತಿ ಇತ್ತು. ಗಾಡಿಯನ್ನು ಮುಂದಕ್ಕೆ ಎಳೆಯುತ್ತಿರಲಿಲ್ಲ. ಹಗ್ಗ ಕಟ್ಟುತ್ತಿದ್ದುದು ಹಿಂದಕ್ಕೇ. ಇದರಲ್ಲಿ ಪವಾಡವೇನೂ ಇಲ್ಲ. ಹಿಂದೆ ಗಾಲಿಯೇ ತುಳಿದು ಬಂದ ಜಾಡಿದೆ. ಮುಂದೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಆದರೆ ಸಿಕ್ಕಿಬಿದ್ದವನಿಗೆ ಮುಂದೆ ಹೋಗುವ ಅವಸರ. ಒಬ್ಬ ಡ್ರೈವರ್, “ಮುಂದ ಕಟ್ಟು ಕಾಕಾ, ನಾಲ್ಕ ಮಾರು ದಾಟಿದ್ರ ಗಟ್ಟಿ ನೆಲ ಐತಿ” ಎಂದನಂತೆ. “ಆ ನಾಲ್ಕ ಮಾರು ನೀನ ನಡದು ತೋರ್ಸು” ಎಂದನಂತೆ ದುಂಡಪ್ಪ. ಡ್ರೈವರ್ ಎರಡು ಮಾರು ನಡೆದು, ಎರಡೂ ಚಪ್ಪಲಿ ಮಣ್ಣಿಗೆ ಕೊಟ್ಟು ವಾಪಸು ಬಂದ. ಗಾಡಿ ಹಿಂದಕ್ಕೆ ಹೋಯಿತು. ನೆಲ ಆರುವ ತನಕ ಅವನು ದುಂಡಪ್ಪನ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದ.

ಹೀಗೇ ನಡೆಯುತ್ತಿತ್ತು. ನೂರು ಗಾಡಿ ಎಳೆದ ಎನ್ನುವವರಿದ್ದಾರೆ, ಸಾವಿರ ಎನ್ನುವವರಿದ್ದಾರೆ. ಅಷ್ಟು ಗಾಡಿ ಆ ಸೀಮೆಯಲ್ಲಿ ಇರಲಿಲ್ಲ.

ಅದೇ ಊರಿನಲ್ಲಿ ಶಾವಂತ್ರವ್ವ ಎಂಬ ಹುಡುಗಿ. ಅವಳಿಗೆ ಮದುವೆ ಗೊತ್ತಾಗಿ, ಹಳ್ಳದ ಆಚೆಯಿಂದ ಗಂಡಿನ ದಿಬ್ಬಣ ಲಾರಿಯಲ್ಲಿ ಹೊರಟಿತು. ಮಳೆ ಬಂತು. ಲಾರಿ ಹಳ್ಳದ ದಂಡೆಯಲ್ಲಿ ಹೂತಿತು. ದುಂಡಪ್ಪ ಎಂದಿನಂತೆ ಹಿಂದಕ್ಕೆ ಎಳೆದು ಗಟ್ಟಿ ನೆಲಕ್ಕೆ ಹಚ್ಚಿದ. ಲಾರಿಯಲ್ಲಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಮದುವೆಗೆ ಹೊರಟ ಗಾಡಿ ಹಿಂದಕ್ಕೆ ಸರಿಯಿತು, ಇದಕ್ಕಿಂತ ದೊಡ್ಡ ಅಪಶಕುನ ಬೇಕೆ ಎಂದರಂತೆ. ಗಾಡಿ ತಿರುಗಿಸಿ ಮನೆಗೆ ಹೋದರು. ಹುಡುಗಿ ಅರಿಸಿನ ಹಚ್ಚಿಕೊಂಡು ಸಂಜೆಯ ತನಕ ಕೂತಿದ್ದಳು.

ಆಮೇಲೆ ಊರು ಅವಳನ್ನು ಕಾಲ್ಗುಣ ಸರಿಯಿಲ್ಲದವಳು ಎಂದಿತು. ಕಾಲು ಹೂತದ್ದು ಲಾರಿಯದು. ಒಂದು ದಿನ ಬಾವಿಕಟ್ಟೆಯಲ್ಲಿ ದುಂಡಪ್ಪ ಎದುರಾದಾಗ ಅವಳು ಒಂದೇ ಮಾತು ಹೇಳಿದಳಂತೆ: “ಕಾಕಾ, ನಿನ್ನ ಹಗ್ಗ ಬರೇ ಲಾರಿ ಎಳೀಲಿಲ್ಲ.”

ಆವತ್ತಿನಿಂದ ಮೋಡವಿಲ್ಲದ ದಿನವೂ ಅವನಿಗೆ ಕೂರಲು ಆಗಲಿಲ್ಲವಂತೆ.

ಎರಡು ವರ್ಷದ ಮೇಲೆ ಇನ್ನೊಂದು ಸಂಬಂಧ ಕೂಡಿಬಂತು. ಗಂಡು ಹಳ್ಳದ ಆಚೆಯ ಬಾಪುಗೌಡನ ಮಗ. ಇದೂ ತಪ್ಪಿದರೆ ಮೂರನೆಯವರು ಯಾರೂ ಬರುವುದಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ನಡು ಮಧ್ಯಾಹ್ನಕ್ಕೆ ಅಕ್ಕಿಕಾಳಿನ ಮುಹೂರ್ತ. ಬೆಳಗ್ಗೆಯೇ ಮೋಡ. ಹೊತ್ತು ಏರುವಾಗ ಹಳ್ಳದ ಕಡೆಯಿಂದ ಹಾರ್ನ್.

ದುಂಡಪ್ಪ ಓಡಿದ. ಈ ಸಲ ಲಾರಿ ದಂಡೆಯಲ್ಲಲ್ಲ, ಹಳ್ಳದ ನಡುವೆಯೇ ಕೂತಿತ್ತು. ಮೇಲೆಲ್ಲೋ ಮಳೆಯಾಗಿ ನೀರು ನಿಧಾನವಾಗಿ ಏರುತ್ತಿತ್ತು. ಬಾಪುಗೌಡ ಕ್ಯಾಬಿನ್ನಿನ ಕಿಟಕಿಯಿಂದ ತಲೆ ಹೊರಹಾಕಿ, ತನ್ನ ಗಾಡಿ ಒಂದು ಗೇಣೂ ಹಿಂದೆ ಹೋಗಕೂಡದು ಎಂದ.

ಮುಂದಿನದನ್ನು ಊರಿನವರು ಹೇಳುವುದಿಲ್ಲ, ಹಳ್ಳದಾಚೆಯವರು ಹೇಳುತ್ತಾರೆ. ದುಂಡಪ್ಪ ಜನ್ಮದಲ್ಲಿ ಮೊದಲ ಸಲ ಹಗ್ಗವನ್ನು ಲಾರಿಯ ಮುಂದಕ್ಕೆ ಕಟ್ಟಿದನಂತೆ. ಎತ್ತು ಜಗ್ಗಿದವು. ಹಂಡ್ಯಾ ಮೊಣಕಾಲೂರಿ ಬಿತ್ತು. ಲಾರಿ ಒಂದು ಮೊಳ ಮುಂದೆ ಹೋಗಿ ಎರಡು ಮೊಳ ಕೆಳಗೆ ಹೋಯಿತು. ಎಲ್ಲ ಬಲ್ಲವನೂ ಅವಸರದಲ್ಲಿ ಚಪ್ಪಲಿ ಕಳೆದುಕೊಂಡ ಆ ಡ್ರೈವರನಷ್ಟೇ ಬಲ್ಲ.

ದುಂಡಪ್ಪ ಹಗ್ಗ ಬಿಚ್ಚಿದ. ಹೊತ್ತು ನೋಡಿದ, ನೀರು ನೋಡಿದ, ಮತ್ತೆ ಹೊತ್ತು ನೋಡಿದ. ಆಮೇಲೆ, “ಲಾರಿ ಹಿಂದಕ್ಕ ಬರ್ತೈತಿ, ಮದಿಮಗ ಮುಂದಕ್ಕ ಹೋಗ್ಲಿ. ಎರಡೂ ಒಂದ ಕಡೆ ಹೋಗ್ಬೇಕಂತ ಯಾರ ಹೇಳ್ಯಾರು?” ಎಂದನಂತೆ.

ಬಾಪುಗೌಡ ಒಪ್ಪಲಿಲ್ಲ. ಬಾಸಿಂಗ ಕಟ್ಟಿದವನು ಕೆಸರು ತುಳಿಯುವುದೇ ಎಂದ. ದುಂಡಪ್ಪ ಹಂಡ್ಯಾನ ಕೊರಳು ಬಿಚ್ಚಿ ಲಾರಿಯ ಪಕ್ಕಕ್ಕೆ ತಂದು ನಿಲ್ಲಿಸಿದ. ಬಸವಣ್ಣನ ಮೇಲೆ ಕೂರುವುದೇ ಎಂದು ಲಾರಿಯ ಮೇಲಿನಿಂದ ಯಾರೋ ಅಂದರು. ಆಗ ಬಾಪುಗೌಡನ ತಾಯಿ ಬಾಯಿ ತೆಗೆದಳು. ಹಲ್ಲಿಲ್ಲದ ಮುದುಕಿ.

“ಶಿವಗ ನಡೀತೈತಿ, ನಿನ್ನ ಮಗಗ ನಡಿಯೂದಿಲ್ಲೇನೋ ಬಾಪ್ಯಾ? ಶಕುನ ಹೇಳ್ತಾನ ಇಂವ. ಹುಟ್ಟುವಾಗ ಕಾಲು ಮುಂದಾಗಿ ಬಂದಂವ. ನಿನ್ನ ನೋಡಿ ಸೂಲಗಿತ್ತಿ ಎದ್ದು ಮನಿಗೆ ಹೋಗಿದ್ಲು.”

ಹಾಗೆ ಹೇಳಿ ಸೀರೆ ಎತ್ತಿ ಕಟ್ಟಿ ಅವಳೇ ಮೊದಲು ಇಳಿದಳಂತೆ. ಅವಳ ಹಿಂದೆ ಹೆಂಗಸರು, ಹಂಡ್ಯಾನ ಮೇಲೆ ಮದುಮಗ, ಹಿಂದಿನಿಂದ ಗಂಡಸರು. ಮೊಣಕಾಲುದ್ದ ಕೆಸರಿನಲ್ಲಿ ದಿಬ್ಬಣ ಹಳ್ಳ ದಾಟಿ ಮುಂದೆ ಹೋಯಿತು. ಬಾಪುಗೌಡ ಮಾತ್ರ ಇಳಿಯಲಿಲ್ಲ. ಕ್ಯಾಬಿನ್ನಿನಲ್ಲೇ ಕೂತ. ತಾನು ಕೂತಿರುವ ತನಕ ಗಾಡಿ ಹಿಂದೆ ಹೋಗದು ಎಂದು ತಿಳಿದಿದ್ದ.

ನೀರು ಗಾಲಿಯ ಅರ್ಧಕ್ಕೆ ಬಂದಿತ್ತು. ದುಂಡಪ್ಪ ಹಗ್ಗವನ್ನು ಹಿಂದಕ್ಕೆ ಕಟ್ಟಿದ. ನೊಗದ ಒಂದು ಕಡೆ ಕೆಂಚ್ಯಾ, ಹಂಡ್ಯಾ ಇರಬೇಕಾದ ಕಡೆ ತನ್ನ ಹೆಗಲು ಕೊಟ್ಟ. ಮನುಷ್ಯ ಮತ್ತು ಎತ್ತು ಸೇರಿ ಹಳ್ಳದಿಂದ ಲಾರಿ ಎಳೆದರಂತೆ. ಬಾಪುಗೌಡನೊಬ್ಬನನ್ನು ಬಿಟ್ಟರೆ ಲಾರಿ ಖಾಲಿ ಇತ್ತು. ದಿಬ್ಬಣದ ಗಂಡಸರಲ್ಲಿ ಹಿಂದೆ ಉಳಿದಿದ್ದ ಎಂಟು ಜನ ಮುಂದಿನಿಂದ ನೂಕುತ್ತಿದ್ದರು. ಡ್ರೈವರ್ ರಿವರ್ಸ್ ಗೇರಿನಲ್ಲಿದ್ದ. ಇದನ್ನು ಯಾರೂ ಹೇಳುವುದಿಲ್ಲ. ಇಂಜಿನ್ನಿಗೆ ಯಾರೂ ಕಥೆ ಕಟ್ಟುವುದಿಲ್ಲ.

ಆದರೂ ಅವನ ಹೆಗಲು ಮುರಿಯಿತು. ಅದು ನಿಜ. ಮುರಿದ ಸದ್ದು ಮದುವೆಮನೆಗೆ ಕೇಳಿಸಿತಂತೆ. ಮದುವೆಮನೆಯಲ್ಲಿ ಹಲಗೆ ಬಡಿಯುತ್ತಿದ್ದರು, ಕೇಳಿಸಿರಲಾರದು.

ಅಲ್ಲಿ ಶಾವಂತ್ರವ್ವ ಎರಡನೆಯ ಸಲ ಅರಿಸಿನ ಹಚ್ಚಿಕೊಂಡು ಕೂತಿದ್ದಳು. ಹಾರ್ನ್ ನಿಂತು ಬಹಳ ಹೊತ್ತಾಗಿತ್ತು. ಅವಳಪ್ಪ ಚಪ್ಪರದ ಕಂಬ ಹಿಡಿದು ನಿಂತವನು ಅಲುಗಿರಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಓಣಿಯ ತಿರುವಿನಲ್ಲಿ ಎತ್ತಿನ ಕೋಡು ಕಂಡಿತು. ಉಳಿದವರೆಲ್ಲ ಗಂಡು ಬಂದ ಎಂದರು. ಅವಳು, “ಹಂಡ್ಯಾ ಬಂತು” ಎಂದಳಂತೆ.

ಅಕ್ಕಿಕಾಳು ಬಿದ್ದವು. ಬಾಪುಗೌಡ ಸಂಜೆಗೆ ನೀರು ಇಳಿದ ಮೇಲೆ ನಡೆದು ಬಂದು, ಆರಿದ ಊಟ ಮಾಡಿ ಮಲಗಿದ. ಅವನು ಹತ್ತು ಮಾರು ಹಿಂದಕ್ಕೆ ಹೋಗಿದ್ದ. ಆಕಾಶ ಬಿದ್ದಿರಲಿಲ್ಲ.

ನೆಲ ಆರಿದ ಮೂರನೆಯ ದಿನ ಮದುಮಗಳನ್ನು ಕಳಿಸಿದರು. ನಡೆದು ಹಳ್ಳ ದಾಟಿ, ಆಚೆ ದಂಡೆಯಲ್ಲಿ ನಿಂತಿದ್ದ ಲಾರಿ ಹತ್ತಿದರು. ದುಂಡಪ್ಪ ತೋಳನ್ನು ಟವೆಲ್ಲಿನಲ್ಲಿ ಕೊರಳಿಗೆ ಕಟ್ಟಿಕೊಂಡು ದಂಡೆಯಲ್ಲಿದ್ದ. ಡ್ರೈವರ್ ಗಾಡಿ ಚಾಲು ಮಾಡಿದಾಗ ಶಾವಂತ್ರವ್ವ, “ಅಣ್ಣಾ, ಮೊದಲ ಒಂದ ಗಾಲಿ ಹಿಂದಕ್ಕ ತಗೋ” ಎಂದಳಂತೆ. ಡ್ರೈವರ್ ಬಾಪುಗೌಡನ ಮುಖ ನೋಡಿದ. ಬಾಪುಗೌಡ ಕಿಟಕಿಯಾಚೆ ನೋಡಿದ. ಮುದುಕಿ, “ತಗೋಳೊ, ಹುಡುಗಿ ಹೇಳೂದು ಕೇಳ್ಸೂದಿಲ್ಲೇನು” ಎಂದಳು. ಲಾರಿ ಒಂದು ಗಾಲಿಯಷ್ಟು ಹಿಂದೆ ಬಂದು, ನಿಂತು, ಆಮೇಲೆ ಮುಂದೆ ಹೋಯಿತು. ದುಂಡಪ್ಪ ಆವತ್ತು ಮೊದಲ ಸಲ ದಂಡೆಯ ಕಲ್ಲಿನ ಮೇಲೆ ಕೂತನಂತೆ. ಹೊತ್ತು ಮುಳುಗಿದರೂ ಏಳಲಿಲ್ಲವಂತೆ.

ಮುರಿದ ಹೆಗಲು ಸರಿಹೋಗಲಿಲ್ಲ. ಅವನು ಮತ್ತೆ ಗಾಡಿ ಎಳೆಯಲಿಲ್ಲ. ಕೆಲವು ವರ್ಷಕ್ಕೆ ರಸ್ತೆ ಬಂತು, ಹಳ್ಳಕ್ಕೆ ಸೇತುವೆ ಬಂತು. ಅವನು ಹೋದ.

ಸೇತುವೆಯ ಮೇಲೆ ಈಗ ಕಾಂಕ್ರೀಟು. ಮಳೆ ಬಿದ್ದರೆ ಗಾಲಿ ತೊಳೆದ ಹಾಗಾಗುತ್ತದೆ, ಹೂಳುವುದಿಲ್ಲ. ಆದರೂ ಆ ಕಡೆಯ ಮದುವೆಯ ಗಾಡಿ ಅಲ್ಲಿಗೆ ಬಂದು ನಿಲ್ಲುತ್ತದೆ. ಡ್ರೈವರ್ ಕ್ಲೀನರನ್ನು ಇಳಿಸಿ, ಒಂದು ಗಾಲಿಯಷ್ಟು ಹಿಂದೆ ಬಂದು, ಆಮೇಲೆ ಮುಂದೆ ಹೋಗುತ್ತಾನೆ. ಹಿಂದೆ ಸರಿಯುವುದು ಅಪಶಕುನ ಎಂದವರ ಮೊಮ್ಮಕ್ಕಳು ಈಗ ಹಿಂದೆ ಸರಿಯದೆ ಹೋಗುವುದು ಅಪಶಕುನ ಎನ್ನುತ್ತಾರೆ. ಹಾಗೆ ಮಾಡಿದವರ ಮದುವೆಗಳೂ ಉಳಿದವರ ಹಾಗೆಯೇ ನಡೆಯುತ್ತವೆ, ಉಳಿದವರ ಹಾಗೆಯೇ ಮುರಿಯುತ್ತವೆ. ಸೇತುವೆಯ ಮೇಲೆ ವಾಹನ ಹಿಮ್ಮುಖವಾಗಿ ಚಲಿಸಬಾರದು ಎಂದು ಯಾರೋ ಬೋರ್ಡು ನೆಟ್ಟಿದ್ದಾರೆ. ಅದಕ್ಕೆ ಮದುವೆಯವರು ಹೂವಿನ ಹಾರ ಹಾಕಿ ಹೋಗುತ್ತಾರೆ.

ಹಿಂದೆ ಬಸ್ಸೋ ಟಂಟಂ ಗಾಡಿಯೋ ಇದ್ದರೆ ಹಾರ್ನ್ ಹೊಡೆಯುವುದಿಲ್ಲ. ಅದೂ ಹಿಂದೆ ಸರಿದು ಜಾಗ ಬಿಡುತ್ತದೆ. ಅದರ ಹಿಂದಿನದೂ. ಎಲ್ಲರಿಗೂ ಅವಸರವಿರುತ್ತದೆ, ಎಲ್ಲರೂ ಒಂದೊಂದು ಗಾಲಿ ಹಿಂದೆ ಹೋಗುತ್ತಾರೆ.