ತಕ್ಕಡಿಗೆ ಕಟ್ಟಿದ ವಿಮಾನ

ವಾಗೀಶನೆಂಬ ಶಿಷ್ಯನು ಕೇಳಿದನು: "ಅಜ್ಜಾ, ನನ್ನ ಎಂಜಿನ್ನಿಗೆ ಹೊಸ ಸೈಲೆನ್ಸರ್ ಹಾಕಿದೆ. ದೊಡ್ಡ ಕಾರ್ಬುರೇಟರ್ ಹಾಕಿದೆ. ಈಗ ಈ ಬಯಲಿನಲ್ಲಿ ಯಾರ ವಿಮಾನವೂ ನನ್ನದರಷ್ಟು ಎಳೆಯುವುದಿಲ್ಲ. ನಾಡಿದ್ದು ಪಂದ್ಯ. ಇನ್ನೂ ಬಲ ಬರಬೇಕಾದರೆ ಏನು ಹಾಕಲಿ?"

ಅವನ ಮುಂದೆ ಅವನು ಕಟ್ಟಿದ ಮಾದರಿ ವಿಮಾನ ನಿಂತಿತ್ತು. ನೆಲದ ಮೇಲೆ ನಿಂತು ರೇಡಿಯೊ ಪೆಟ್ಟಿಗೆಯಿಂದ ಹಾರಿಸುವಂಥದು. ರೆಕ್ಕೆ ಮಂಚಕ್ಕಿಂತ ಉದ್ದ. ಮೂತಿಯಲ್ಲಿ ತೆಂಗಿನಕಾಯಿಯಷ್ಟು ಪೆಟ್ರೋಲ್ ಎಂಜಿನ್. ಬಾಲವನ್ನು ಹಗ್ಗದಿಂದ ಗೂಟಕ್ಕೆ ಕಟ್ಟಿದ್ದನು, ನಡುವೆ ಎಳೆತ ತೂಗುವ ಒಂದು ತಕ್ಕಡಿ. ಹಗ್ಗ ಉಜ್ಜಿ ಉಜ್ಜಿ ಬಾಲದ ಬಣ್ಣ ಹೋಗಿತ್ತು. ಗಾಲಿಗಳ ರಬ್ಬರು ಮಾತ್ರ ಅಂಗಡಿಯಿಂದ ತಂದ ಹಾಗೆಯೇ ಇತ್ತು.

ಗುರು ಕೊಟ್ರಪ್ಪಜ್ಜ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಎಂಜಿನ್ ಕೆಮ್ಮಿದರೆ ಅದರ ಮೂರು ತಲೆಮಾರಿನ ರೋಗ ಹೇಳಬಲ್ಲವನು. ಹಾಗೆಂದು ಅವನೇ ಹೇಳುತ್ತಿದ್ದನು. ಅವನು ಎಲೆಗೆ ಸುಣ್ಣ ಹಚ್ಚುತ್ತ ಗಾಲಿಯನ್ನು ನೋಡಿದನು, ಹಗ್ಗವನ್ನು ನೋಡಿದನು. ಆಮೇಲೆ ಹೇಳಿದನು:

"ಕೇಳು. ಪ್ರಾಯದಲ್ಲಿ ನಾನೊಮ್ಮೆ ಸತ್ತ ಎಂಜಿನ್ನನ್ನು ಬರೀ ಗದರಿಸಿಯೇ ಓಡಿಸಿದ್ದೆ. ಅದು ಹಾಗಿರಲಿ. ಆಗ ಒಬ್ಬ ಹತ್ತಿ ವರ್ತಕನಿದ್ದನು, ಒಬ್ಬ ರೈತನಿದ್ದನು. ಇಬ್ಬರಿಗೂ ಇಂಥದೇ ವಿಮಾನದ ಹುಚ್ಚು. ಇಬ್ಬರ ಎಂಜಿನ್ನೂ ಒಂದೇ ತರದ್ದು. ಹಾರಿಸುತ್ತಿದ್ದುದು ಒಂದೇ ಬಯಲಿನಲ್ಲಿ.

"ಒಂದು ದಿನ ಯಾರದು ಜೋರು ಎಂದು ಮಾತು ಬಂತು. ಮಾತಿಗೆ ಮಾತು ಬೆಳೆಯಿತು. ಪಂದ್ಯದಲ್ಲಿ ಸೋತವನು ಇನ್ನು ಈ ಬಯಲಿಗೆ ಕಾಲಿಡಬಾರದು ಎಂದು ಇಬ್ಬರೂ ಎಲೆ ಅಡಿಕೆ ಮುಟ್ಟಿ ಮಾತು ಕೊಟ್ಟರು. ರೈತನಿಗಾದರೆ ಮನೆತುಂಬ ಜನ. ವರ್ತಕನಿಗೆ ಹೆಂಡತಿ ಸತ್ತ ಮೇಲೆ ಆ ಬಯಲೊಂದೇ ಗತಿ. ಅವನು ನಕ್ಕರೆ ಅಲ್ಲಿಯೇ ನಗಬೇಕು.

"ವರ್ತಕನು ತೂಗದ್ದನ್ನು ನಂಬುವವನಲ್ಲ. ಹತ್ತಿ ಮೂಟೆ ತೂಗುವ ಕೊಕ್ಕೆ ತಕ್ಕಡಿ ತಂದನು. ಅದರ ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ವಿಮಾನದ ಬಾಲಕ್ಕೆ. ಎಂಜಿನ್ ಶುರುಮಾಡಿ ಮುಳ್ಳು ನೋಡಿದನು. ಹಳೆಯ ಸೈಲೆನ್ಸರ್ ಕಿತ್ತು ಉದ್ದನೆಯ ಕೊಳವೆ ಹಾಕಿದನು. ಮುಳ್ಳು ಮೇಲೆ ಹೋಯಿತು. ಕಾರ್ಬುರೇಟರ್ ಬದಲಿಸಿದನು. ಇನ್ನೂ ಮೇಲೆ ಹೋಯಿತು. ಆಮೇಲೆ ಮೂತಿಯಲ್ಲಿ ತಿರುಗುವ ಪಂಖವನ್ನೇ ಬದಲಿಸಿದನು. ಅಲಗು ಉದ್ದ, ತಿರುಚು ಕಡಿಮೆ. ಮುಳ್ಳು ಜಿಗಿಯಿತು. ಅವನೂ ಜಿಗಿದನು.

"ಗೂಟ ಕಿತ್ತು ಬಂತು. ಬೇವಿನ ಮರಕ್ಕೆ ಕಟ್ಟಿದನು. ಮರ ಬಾಗಿತು. ಈಗಲೂ ಬಾಗಿಯೇ ಇದೆ, ಬೇಕಾದರೆ ಹೋಗಿ ನೋಡು. ಊರ ಹೆಸರು ಮಾತ್ರ ಕೇಳಬೇಡ. ಕೆಸರಲ್ಲಿ ಹೂತ ಹತ್ತಿ ಲಾರಿಗೆ ಕಟ್ಟಿದನು. ವಿಮಾನ ಲಾರಿಯನ್ನು ದಡಕ್ಕೆಳೆಯಿತು. ಡ್ರೈವರ್ ಒಳಗೆ ನಿದ್ದೆ ಮಾಡುತ್ತಿದ್ದ, ಎಚ್ಚರವಾಗಲಿಲ್ಲ.

"ರೈತನದು ಬೇರೆ ಕ್ರಮ. ಏನಾದರೊಂದನ್ನು ಬದಲಿಸುವನು, ಬಯಲ ಮೇಲೆ ಒಂದು ಸುತ್ತು ಹಾರಿಸುವನು. ಸರಿ ಕಂಡರೆ ಇರಲಿ, ಇಲ್ಲದಿದ್ದರೆ ತೆಗೆ. ಉದ್ದ ಅಲಗಿನ ಪಂಖವನ್ನು ಅವನೂ ಹಾಕಿ ನೋಡಿದ್ದನು. ಎಳೆತ ಉಂಟು, ಓಟ ಸಾಲದು ಎಂದು ಸಂಜೆಗೇ ಬಿಚ್ಚಿ, ಗಿಡ್ಡದಾಗಿ ಹೆಚ್ಚು ತಿರುಚಿದ್ದನ್ನು ಹಾಕಿದನು.

"ಅವನು ಕೂಗಿ ಹೇಳಿದನು: 'ಸಾಹುಕಾರ್ರೇ, ಒಂದು ಸಲ ಬಿಚ್ಚಿ ಬಿಡ್ರೀ. ಬಾಲ ಹಿಡಿದುಕೊಂಡು ನಿಂತರೆ ಎತ್ತಿನ ಓಟ ಗೊತ್ತಾಗ್ತದೇನು?'

"ವರ್ತಕನು ಹೇಳಿದನು: 'ನಿನಗೆ ಹೊಟ್ಟೆಯುರಿ ಕಣೋ. ನನ್ನ ಮುಳ್ಳು ನೋಡು ಬಾ. ನಿನ್ನದನ್ನು ಕಟ್ಟಿದರೆ ತಕ್ಕಡಿಗೇ ನಗು ಬರ್ತದೆ.'

"ಪಂದ್ಯದ ದಿನ ಬಯಲಿನ ಆಚೆ ತುದಿಗೆ ಬಾವುಟ ನೆಟ್ಟರು, ಅದನ್ನು ಮೊದಲು ಸುತ್ತಿ ಬಂದವನದು ಗೆಲುವು. ಎರಡನ್ನೂ ಬಿಟ್ಟರು. ವರ್ತಕನ ವಿಮಾನ ಓಡಲೇ ಇಲ್ಲ, ನಿಂತಲ್ಲಿಂದಲೇ ನೆಗೆಯಿತು. ಜನ ಹೋ ಎಂದರು. ವರ್ತಕ ಮೀಸೆ ತಿರುವಿದನು. ನೆಗೆದದ್ದೇನೋ ಹೌದು, ಮುಂದೆ ಹೋಗಬೇಕಲ್ಲ? ಪಂಖ ಮಜ್ಜಿಗೆ ಕಡೆದಂತೆ ಗಾಳಿ ಕಡೆಯಿತು. ಸದ್ದು ಆಕಾಶಕ್ಕೆ ಮುಟ್ಟಿತು, ವಿಮಾನ ಬಾವುಟಕ್ಕೆ ಮುಟ್ಟಲಿಲ್ಲ. ದಣಿದ ಕಾಗೆಯೊಂದು ಬಂದು ಅದರ ರೆಕ್ಕೆಯ ಮೇಲೆ ಕೂತಿತು. ಪುಕ್ಕ ತೀಡಿಕೊಂಡಿತು. ಆಚೆ ಈಚೆ ನೋಡಿತು. ಇದನ್ನು ನೆಚ್ಚಿದರೆ ಗೂಡು ಸೇರಲು ಹೊತ್ತಾದೀತೆಂದು ಎದ್ದು ಮುಂದೆ ಹಾರಿಹೋಯಿತು. ಅಷ್ಟರಲ್ಲಿ ರೈತನ ವಿಮಾನ ಬಾವುಟ ಸುತ್ತಿ ಬಂದು ಇಳಿದಿತ್ತು.

"ವರ್ತಕನು ವಿಮಾನ ಇಳಿಸಿದನು. ತಕ್ಕಡಿಯನ್ನು ಬೇವಿನ ಕೊಂಬೆಗೆ ನೇತುಹಾಕಿದನು. ರೈತ ಹಿಂದೆಯೇ ಓಡಿದನು: 'ಸಾಹುಕಾರ್ರೇ, ಬಾಯಿಗೆ ಬಂದ ಮಾತು ಅದು, ಬಿಡ್ರೀ. ನೀವಿಲ್ಲದೆ ನಾನೊಬ್ಬನೇ ಇಲ್ಲಿ ಏನು ಮಾಡಲಿ?'

"ವರ್ತಕನು ಹೇಳಿದನು: 'ತೂಕ ಆದ ಮೇಲೆ ಮಾತು ಬದಲಿಸಿದ ವರ್ತಕ ನಾನಲ್ಲಪ್ಪ.'

"ಅವನು ತಿರುಗಿ ನೋಡದೆ ಹೋದನು. ಮತ್ತೆ ಆ ಬಯಲಿಗೆ ಬರಲಿಲ್ಲ. ತಕ್ಕಡಿ ಬಹಳ ಕಾಲ ಅಲ್ಲಿಯೇ ಇತ್ತು. ಗಾಳಿ ಬಂದಾಗ ಮುಳ್ಳು ಅಲ್ಲಾಡುತ್ತಿತ್ತು."

ವಾಗೀಶನು ಕಾಗೆಯ ಮಾತಿಗೆ ನಕ್ಕಿದ್ದನು. ಆ ನಗು ಇನ್ನೂ ಮುಖದಲ್ಲಿತ್ತು. "ಅಲ್ಲಜ್ಜಾ, ಎಂಥ ದಡ್ಡ ಅವನು! ಅದಿರಲಿ, ನನ್ನ ಮುಳ್ಳು ನಿನ್ನೆಗಿಂತ ಇವತ್ತು ಮೇಲಿದೆ. ಇನ್ನೇನು ಹಾಕಲಿ, ಅದನ್ನು ಹೇಳು" ಎಂದನು.

ಕೊಟ್ರಪ್ಪಜ್ಜ ಬಗ್ಗಿ, ಹೊಸ ಗಾಲಿಯ ಮೇಲೆ ಹೆಬ್ಬೆರಳು ಆಡಿಸಿ ಕೇಳಿದನು:

"ಮಗಾ, ಇದು ನೆಲ ಬಿಟ್ಟದ್ದು ಯಾವಾಗ?"